ಗೂಡಿನಲ್ಲಿದ್ದ ಮೂರು ಸೀಸೆ: ಆ್ಯಂಟಿಬಯಾಟಿಕ್ ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಮಾಡಲ್ಲ?

ಹೋದ ತಿಂಗಳು ಒಂದು ರಾತ್ರಿ ಒಂಬತ್ತೂವರೆ ಹೊತ್ತಿಗೆ ನನ್ನ ವಾಟ್ಸ್ಆ್ಯಪ್‌ಗೆ ಒಂದು ಫೋಟೋ ಬಂತು. ಕಳಿಸಿದವನು ಹಂದನಕೆರೆ ಹೋಬಳಿಯ ಒಬ್ಬ ಹುಡುಗ. ಎರಡು ಎಕರೆ ತೆಂಗು, ಮೂರು ಸೀಮೆಹಸು ಇಟ್ಟುಕೊಂಡು ಬದುಕು ಕಟ್ಟುತ್ತಿರುವವನು. ಫೋಟೋದಲ್ಲಿ ಕೊಟ್ಟಿಗೆಯ ಗೋಡೆ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದ ಮೂರು ಇಂಜೆಕ್ಷನ್ ಸೀಸೆ. ಜೊತೆಗೆ ವಾಯ್ಸ್ ಮೆಸೇಜ್:

"ಸಾರ್, ಹಸು ಕೆಚ್ಚಲು ಊದ್ಕೊಂಡೈತೆ, ಹಾಲಲ್ಲಿ ಗಡ್ಡೆ ಗಡ್ಡೆ ಬರ್ತೈತೆ. ಮೊದಲ್ನೇದು ಎರಡು ದಿನ ಹಾಕ್ದೆ, ಕಮ್ಮಿ ಆಗ್ಲಿಲ್ಲ. ಇವತ್ತು ಬೆಳಗ್ಗೆ ಎರಡನೇದು ಹಾಕ್ದೆ. ಈಗ ಮೂರನೇದು ಹಾಕ್ಬಿಡ್ಲಾ?"

ಮೊದಲನೆಯದು ಜೆಂಟಾಮೈಸಿನ್. ಎರಡನೆಯದು ಆಕ್ಸಿಟೆಟ್ರಾಸೈಕ್ಲಿನ್. ಮೂರನೆಯದು ಎನ್ರೋಫ್ಲಾಕ್ಸಾಸಿನ್. ಮೂರೂ ಒಳ್ಳೆಯ ಔಷಧಗಳೇ. "ಏನೂ ಹಾಕಬೇಡ ಕಣಪ್ಪ, ಬೆಳಗ್ಗೆ ಬರ್ತೀನಿ" ಅಂತ ಹೇಳಿ ಮಲಗಿದೆ.

ಬೆಳಗ್ಗೆ ಹೋಗಿ ನೋಡಿದರೆ ಬಲಗಡೆ ಹಿಂದಿನ ಮೊಲೆಯ ಭಾಗ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಸು ಕರು ಹಾಕಿ ಇಪ್ಪತ್ತು ದಿನ ಆಗಿತ್ತಷ್ಟೆ. ದಿನಕ್ಕೆ ಹದಿನಾಲ್ಕು ಲೀಟರ್ ಕೊಡುತ್ತಿದ್ದದ್ದು ಒಂಬತ್ತಕ್ಕೆ ಇಳಿದಿತ್ತು. ಹಾಲಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದೆವು. ಮೈಯಲ್ಲಿ ಆಗಲೇ ಎರಡು ಔಷಧ ಓಡಾಡುತ್ತಿದ್ದರಿಂದ ಆ ಮಾದರಿಯಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಔಷಧದ ಪ್ರಭಾವ ಇಳಿಯುವವರೆಗೆ ಹಾಲನ್ನು ಪೂರ್ತಿ ಹಿಂಡಿ ತೆಗೆಯುವುದು, ನೋವು ಊತಕ್ಕೆ ಔಷಧ ಕೊಡುವುದು ಇಷ್ಟೇ ಮಾಡಿ ಮತ್ತೆ ಮಾದರಿ ತೆಗೆದೆವು. ಎರಡನೇ ಸಲ ಉತ್ತರ ಸಿಕ್ಕಿತು. ಸರಿಯಾದ ಔಷಧವನ್ನು ಕೆಚ್ಚಲಿಗೇ ಏರಿಸಿದ ಮೇಲೆ ಗಡ್ಡೆ ಬರುವುದು ನಿಂತಿತು. ಆದರೆ ಅಷ್ಟರಲ್ಲಿ ತಡವಾಗಿತ್ತು, ಆ ಮೊಲೆಯಲ್ಲಿ ಹಾಲು ಮರಳಿ ಬರಲಿಲ್ಲ. ಈಗ ಅದು ಮೂರು ಮೊಲೆಯ ಹಸು.

ಇಲ್ಲಿ ನನ್ನ ತಪ್ಪೂ ಇದೆ. ಜೆಂಟಾಮೈಸಿನ್ ಸೀಸೆಯ ಹೆಸರನ್ನು ಆ ಹುಡುಗನಿಗೆ ಮೊದಲು ಬರೆದುಕೊಟ್ಟವನು ನಾನೇ. ಮೂರು ವರ್ಷದ ಹಿಂದೆ ಅವನ ಒಂದು ಕರುವಿಗೆ ಬೇರೆ ಕಾಯಿಲೆ ಬಂದಿತ್ತು, ಆ ಔಷಧಕ್ಕೆ ವಾಸಿಯಾಗಿತ್ತು. ಯಾಕೆ ಅದನ್ನೇ ಬರೆದೆ ಅಂತ ಹೇಳಿರಲಿಲ್ಲ. ಅವನು ತಿಳಿದುಕೊಂಡದ್ದು ಇಷ್ಟೆ: "ಈ ಸೀಸೆ ಪವರ್‌ಫುಲ್." ಅವತ್ತು ಹತ್ತು ನಿಮಿಷ ಕೂತು ಹೇಳಬೇಕಾಗಿದ್ದ ಪಾಠವನ್ನು ಈ ವಾರ ನಿಮ್ಮೆಲ್ಲರಿಗೂ ಹೇಳುತ್ತೇನೆ.

ಮೊದಲ ಮಾತು: ಆ್ಯಂಟಿಬಯಾಟಿಕ್‌ಗಳಲ್ಲಿ "ಪವರ್" ಜಾಸ್ತಿ, ಕಮ್ಮಿ ಅಂತ ಸಾಲು ಇಲ್ಲ. ಒಂದೊಂದು ಗುಂಪೂ ರೋಗಾಣುವಿನ ಮೈಯಲ್ಲಿ ಒಂದೊಂದು ಜಾಗಕ್ಕೆ ಹೊಡೆಯುತ್ತದೆ. ಆ ಜಾಗ ಆ ರೋಗಾಣುವಿನಲ್ಲಿ ಇಲ್ಲದಿದ್ದರೆ, ಅಥವಾ ಔಷಧ ಆ ಜಾಗ ಮುಟ್ಟದಿದ್ದರೆ, ಎಷ್ಟು ದುಬಾರಿ ಸೀಸೆಯಾದರೂ ನೀರು ಹಾಕಿದ ಹಾಗೆ.

ರೋಗಾಣುವೂ ತೆಂಗಿನಕಾಯಿಯೂ

ಬ್ಯಾಕ್ಟೀರಿಯಾ ಅಂದರೆ ಒಂದೇ ಕೋಶದ ಜೀವಿ. ಅದರ ಒಳಗೆ ನೀರಿನ ಒತ್ತಡ ತುಂಬಾ ಇರುತ್ತದೆ. ಒಡೆದು ಹೋಗದಂತೆ ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡಿರುತ್ತದೆ. ಈ ಗೋಡೆ ಎಲ್ಲ ಬ್ಯಾಕ್ಟೀರಿಯಾದಲ್ಲೂ ಒಂದೇ ಥರ ಇರುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಕಾಯಿ ಇಟ್ಟುಕೊಂಡೇ ಹೇಳಬಹುದು.

ಒಂದು, ಸುಲಿದ ಕಾಯಿ. ಸಿಪ್ಪೆ ಇಲ್ಲ, ಹೊರಗೇ ದಪ್ಪ ಕರಟ. ಇವು ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾ. ಕೆಚ್ಚಲು ಬಾವು ತರುವ ಸ್ಟ್ಯಾಫಿಲೊಕಾಕಸ್ ಮತ್ತು ಸ್ಟ್ರೆಪ್ಟೊಕಾಕಸ್, ಚಪ್ಪೆ ರೋಗ ಮತ್ತು ಕುರಿಯ ಕರುಳು ಬೇನೆ ತರುವ ಕ್ಲಾಸ್ಟ್ರಿಡಿಯಂ, ನೆರಡಿ ರೋಗದ ಬ್ಯಾಸಿಲಸ್ ಎಲ್ಲ ಈ ಗುಂಪಿನವು.

ಎರಡು, ಸಿಪ್ಪೆ ಸಹಿತ ಕಾಯಿ. ಒಳಗಿನ ಕರಟ ತೆಳು, ಆದರೆ ಹೊರಗೆ ಇನ್ನೊಂದು ಹೊದಿಕೆ ಇದೆ. ಇವು ಗ್ರಾಂ ನೆಗೆಟಿವ್. ಕರುಗಳ ಭೇದಿಗೂ ಒಂದು ಬಗೆಯ ಕೆಚ್ಚಲು ಬಾವಿಗೂ ಕಾರಣವಾಗುವ ಇ. ಕೋಲಿ, ಸಾಲ್ಮೊನೆಲ್ಲಾ, ಗಳಲೆ ರೋಗ ಅಥವಾ ಗಂಟಲು ಬೇನೆಯ ಪಾಶ್ಚುರೆಲ್ಲಾ ಇಲ್ಲಿ ಬರುತ್ತವೆ. ಹೊರಗಿನ ಆ ಹೊದಿಕೆಯೇ ಎಷ್ಟೋ ಔಷಧಗಳನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ.

ಮೂರು, ಉಂಡೆ ಕೊಬ್ಬರಿ. ಸಿಪ್ಪೆಯೂ ಇಲ್ಲ, ಕರಟವೂ ಇಲ್ಲ. ಇವು ಮೈಕೋಪ್ಲಾಸ್ಮಾ. ಕೋಳಿಗಳ ದೀರ್ಘಕಾಲದ ಗೊರಗೊರ ಉಸಿರಿನ ಕಾಯಿಲೆ, ಮೇಕೆಗಳ ಒಂದು ಬಗೆಯ ಶ್ವಾಸಕೋಶದ ರೋಗ ಇವುಗಳಿಂದ.

ಮೊದಲೆರಡು ಗುಂಪನ್ನು ಬಣ್ಣ ಹಾಕಿ ಬೇರೆ ಮಾಡುವ ವಿಧಾನವನ್ನು 1884ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ. ಹೆಸರು ಅಲ್ಲಿಂದ ಬಂತು. ಇವತ್ತಿಗೂ ಲ್ಯಾಬ್‌ನಲ್ಲಿ ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದು ಒಂದು. ಈ ಮೂರು ಕಾಯಿ ನೆನಪಿಟ್ಟುಕೊಂಡು ಔಷಧಗಳ ಕಡೆ ಬನ್ನಿ.

ಗೋಡೆ ಕೆಡಿಸುವವು: ಪೆನ್ಸಿಲಿನ್ ಕುಟುಂಬ

1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಇರುವುದನ್ನು ಕಂಡರಲ್ಲ, ಆ ಬೂಷ್ಟಿನಿಂದ ಬಂದದ್ದು ಪೆನ್ಸಿಲಿನ್. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲೋಕ್ಸಾಸಿಲಿನ್, ಸೆಫ್ಟ್ರಿಯಾಕ್ಸೋನ್ ಥರದ ಸೆಫಲೋಸ್ಪೋರಿನ್‌ಗಳು ಇದೇ ಕುಟುಂಬ.

ರೋಗಾಣು ಬೆಳೆಯುವಾಗ ಗೋಡೆಗೆ ಹೊಸ ಇಟ್ಟಿಗೆ ಸೇರಿಸುತ್ತಾ ಹೋಗುತ್ತದೆ. ಆ ಇಟ್ಟಿಗೆಗಳನ್ನು ಕಚ್ಚಿಸುವ ಗಾರೆ ಕೆಲಸವನ್ನು ಈ ಔಷಧಗಳು ನಿಲ್ಲಿಸುತ್ತವೆ. ಗೋಡೆ ಬಿರುಕು ಬಿಟ್ಟು, ಒಳಗಿನ ಒತ್ತಡಕ್ಕೆ ರೋಗಾಣು ಒಡೆದು ಸಾಯುತ್ತದೆ. ಹಸುವಿನ ಜೀವಕೋಶಕ್ಕೆ ಇಂಥ ಗೋಡೆಯೇ ಇಲ್ಲ, ಆದ್ದರಿಂದ ಹಸುವಿಗೆ ಆ ಪೆಟ್ಟು ಬೀಳುವುದಿಲ್ಲ. (ಅಲರ್ಜಿ ಬೇರೆ ವಿಷಯ, ಅದು ಮನುಷ್ಯರಲ್ಲೂ ದನಗಳಲ್ಲೂ ಉಂಟು.)

ಸುಲಿದ ಕಾಯಿಯ ಮೇಲೆ ಪೆನ್ಸಿಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಚಪ್ಪೆ ರೋಗ ಶುರುವಾದ ಕೂಡಲೇ ಸಿಕ್ಕರೆ ದೊಡ್ಡ ಪ್ರಮಾಣದ ಪೆನ್ಸಿಲಿನ್ನೇ ಆಸರೆ. ಸಿಪ್ಪೆ ಸಹಿತ ಕಾಯಿಯ ಒಳಗೆ ಹಳೆಯ ಪೆನ್ಸಿಲಿನ್ ಸುಲಭಕ್ಕೆ ಇಳಿಯದು. ಪಾಶ್ಚುರೆಲ್ಲಾ ಥರದ ಕೆಲವು ಇದಕ್ಕೆ ಅಪವಾದ. ಉಂಡೆ ಕೊಬ್ಬರಿಗೆ ಏನೂ ಆಗದು, ಇಲ್ಲದ ಗೋಡೆಯನ್ನು ಕೆಡವುವುದು ಹೇಗೆ?

ಕಾರ್ಖಾನೆ ನಿಲ್ಲಿಸುವವು: ಮೂರು ಗುಂಪು

ರೋಗಾಣು ಬದುಕಲು ಪ್ರೋಟೀನ್ ತಯಾರಿಸಬೇಕು. ಅದಕ್ಕೆ ಒಳಗೆ ರೈಬೋಸೋಮ್ ಅನ್ನುವ ಸಣ್ಣ ಕಾರ್ಖಾನೆಗಳಿವೆ. ನಮ್ಮ ಮೈಯಲ್ಲೂ ಇವೆ, ಆದರೆ ಅಚ್ಚು ಬೇರೆ. ಆ ವ್ಯತ್ಯಾಸವನ್ನೇ ಮೂರು ಗುಂಪಿನ ಔಷಧಗಳು ಬಳಸಿಕೊಳ್ಳುತ್ತವೆ.

ಟೆಟ್ರಾಸೈಕ್ಲಿನ್: ನೀವೆಲ್ಲ ನೋಡಿರುವ ಹಳದಿ ಇಂಜೆಕ್ಷನ್. ಈ ಗುಂಪಿನ ಮೊದಲ ಔಷಧ ಆರಿಯೋಮೈಸಿನ್ 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ ಬಂತು. ಕಂಡುಹಿಡಿದವರು ಬೆಂಜಮಿನ್ ಡಗ್ಗರ್. ಆ ಪ್ರಯೋಗಾಲಯದ ಸಂಶೋಧನೆಯ ನೇತೃತ್ವ ವಹಿಸಿದ್ದವರು ನಮ್ಮ ಪಕ್ಕದ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಮೂಲ, ಹೊಲದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿ. ಇದು ಕಾರ್ಖಾನೆಗೆ ಕಚ್ಚಾ ಮಾಲು ಬರದಂತೆ ತಡೆಯುತ್ತದೆ. ರೋಗಾಣು ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ಉಳಿದದ್ದನ್ನು ಹಸುವಿನ ಮೈಯ ರಕ್ಷಣೆಯೇ ಮುಗಿಸಬೇಕು. ಮೂರೂ ಬಗೆಯ ಕಾಯಿಗೂ ನಾಟುತ್ತದೆ. ಗಳಲೆ ರೋಗ, ಗೊರಸಿನ ಕೊಳೆ, ಮೈಕೋಪ್ಲಾಸ್ಮಾ, ಉಣ್ಣೆಯಿಂದ ಬರುವ ಅನಾಪ್ಲಾಸ್ಮಾಕ್ಕೂ ಇದನ್ನು ಬಳಸುತ್ತೇವೆ.

ಅಮಿನೊಗ್ಲೈಕೊಸೈಡ್: ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್. ಇವು ಕಾರ್ಖಾನೆ ನಿಲ್ಲಿಸುವುದಷ್ಟೇ ಅಲ್ಲ, ತಪ್ಪು ತಪ್ಪು ಪ್ರೋಟೀನ್ ಮಾಡಿಸಿ ರೋಗಾಣುವನ್ನೇ ಕೊಲ್ಲುತ್ತವೆ. ಸಿಪ್ಪೆ ಸಹಿತ ಕಾಯಿಯ ಮೇಲೆ ಬಲ ಜಾಸ್ತಿ. ಆದರೆ ರೋಗಾಣುವಿನ ಒಳಗೆ ಹೋಗಲು ಇವಕ್ಕೆ ಆಮ್ಲಜನಕದ ನೆರವು ಬೇಕು. ಚಪ್ಪೆ ರೋಗದ ಕ್ಲಾಸ್ಟ್ರಿಡಿಯಂ ಗಾಳಿ ಇಲ್ಲದ ಕಡೆ ಬೆಳೆಯುವ ರೋಗಾಣು. ಹಾಗಾಗಿ ಚಪ್ಪೆ ರೋಗಕ್ಕೆ ಜೆಂಟಾಮೈಸಿನ್ ಹಾಕಿದರೆ ಹೊತ್ತು ಹೋಗುತ್ತದೆ, ಹಸುವೂ ಹೋಗುತ್ತದೆ. ಅಲ್ಲದೆ ಇವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ತೂಕ ನೋಡದೆ, ದಿನ ಲೆಕ್ಕ ಇಲ್ಲದೆ ಹಾಕುವಂಥ ಔಷಧ ಅಲ್ಲ.

ಮ್ಯಾಕ್ರೊಲೈಡ್: ಟೈಲೋಸಿನ್, ಎರಿಥ್ರೋಮೈಸಿನ್. ಕಾರ್ಖಾನೆಯ ಇನ್ನೊಂದು ಭಾಗಕ್ಕೆ ಅಡ್ಡ ಕೂರುತ್ತವೆ. ಸುಲಿದ ಕಾಯಿ ಮತ್ತು ಉಂಡೆ ಕೊಬ್ಬರಿ, ಈ ಎರಡಕ್ಕೆ ಸರಿ. ಕೋಳಿಯ ಮೈಕೋಪ್ಲಾಸ್ಮಾಕ್ಕೆ ಟೈಲೋಸಿನ್ ಕೊಡುವುದು ಇದಕ್ಕೇ.

ಉಳಿದ ಮೂರು

ಸಲ್ಫಾ ಮತ್ತು ಟ್ರೈಮೆಥೋಪ್ರಿಮ್: ಫೋಲಿಕ್ ಆಮ್ಲ ನಮಗೂ ಬೇಕು, ರೋಗಾಣುವಿಗೂ ಬೇಕು. ನಾವು ಆಹಾರದಿಂದ ಪಡೆಯುತ್ತೇವೆ. ಬಹಳಷ್ಟು ಬ್ಯಾಕ್ಟೀರಿಯಾ ತಾವೇ ತಯಾರಿಸಿಕೊಳ್ಳಬೇಕು. ಆ ತಯಾರಿಯ ಎರಡು ಹಂತಗಳನ್ನು ಈ ಜೋಡಿ ತಡೆಯುತ್ತದೆ. ಕೀವು ತುಂಬಿದ ಕಡೆ ಮಾತ್ರ ಇದು ಸೋಲುತ್ತದೆ. ಸತ್ತ ಕೋಶಗಳಿಂದ ರೋಗಾಣುವಿಗೆ ಬೇಕಾದ ಸರಕು ಪುಕ್ಕಟೆ ಸಿಕ್ಕಿಬಿಡುತ್ತದೆ.

ಫ್ಲೋರೋಕ್ವಿನೊಲೋನ್: ಎನ್ರೋಫ್ಲಾಕ್ಸಾಸಿನ್. ರೋಗಾಣು ಎರಡಾಗುವಾಗ ತನ್ನ ಡಿಎನ್ಎ ಸುರುಳಿ ಬಿಚ್ಚಿ ನಕಲು ಮಾಡಬೇಕು. ಸುರುಳಿ ಬಿಚ್ಚುವ ಕಿಣ್ವವನ್ನೇ ಇದು ಹಿಡಿದು ಹಾಕುತ್ತದೆ. ಮೈಯಲ್ಲಿ ಎಲ್ಲ ಕಡೆ ಚೆನ್ನಾಗಿ ಹರಡುತ್ತದೆ. ಅದಕ್ಕೇ ಎಲ್ಲರಿಗೂ ಪ್ರೀತಿ, ಅದಕ್ಕೇ ದುರ್ಬಳಕೆಯೂ ಜಾಸ್ತಿ. ಇದೇ ಗುಂಪಿನ ಸಿಪ್ರೋಫ್ಲಾಕ್ಸಾಸಿನ್ ಮನುಷ್ಯರ ಔಷಧ. ಕೊಟ್ಟಿಗೆಯಲ್ಲಿ ಇದಕ್ಕೆ ಬಗ್ಗದ ರೋಗಾಣು ತಯಾರಾದರೆ, ಅದು ಮನೆಯವರ ಹೊಟ್ಟೆಗೆ ಇಳಿದಾಗಲೂ ಬಗ್ಗುವುದಿಲ್ಲ.

ಕೊಲಿಸ್ಟಿನ್: ಇದು ಸಿಪ್ಪೆಗೇ ಕೈ ಹಾಕುತ್ತದೆ. ಸೋಪು ಜಿಡ್ಡನ್ನು ಬಿಡಿಸುವ ಹಾಗೆ ಗ್ರಾಂ ನೆಗೆಟಿವ್ ರೋಗಾಣುವಿನ ಹೊರ ಹೊದಿಕೆಯನ್ನು ಕೆಡಿಸುತ್ತದೆ. ಬೇರೆ ಯಾವುದೂ ನಾಟದಾಗ ಆಸ್ಪತ್ರೆಯ ಐಸಿಯುನಲ್ಲಿ ಮನುಷ್ಯರಿಗೆ ಉಳಿದಿರುವ ಕೊನೆಯ ಔಷಧಗಳಲ್ಲಿ ಇದು ಒಂದು. ಇದನ್ನು ಕೋಳಿ ಆಹಾರದಲ್ಲಿ ಬೆರೆಸುತ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಯಾರಾದರೂ ಹಳೆ ಸ್ಟಾಕ್ ಅಂತ ಕೊಟ್ಟರೆ ತಗೋಬೇಡಿ.

ಆ ಮೂರು ಸೀಸೆ ಯಾಕೆ ಸೋತವು?

ಈಗ ಆ ಹುಡುಗನ ಹಸುವಿನ ಹತ್ತಿರ ವಾಪಸ್ ಹೋಗೋಣ. ಎರಡನೇ ಮಾದರಿಯಲ್ಲಿ ಸಿಕ್ಕಿದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್. ಸುಲಿದ ಕಾಯಿ.

ಜೆಂಟಾಮೈಸಿನ್ ಅನ್ನು ತೊಡೆಗೆ ಚುಚ್ಚಿದರೆ ರಕ್ತಕ್ಕೆ ಸೇರುತ್ತದೆ ನಿಜ. ಆದರೆ ರಕ್ತದಿಂದ ಕೆಚ್ಚಲಿನ ಹಾಲಿಗೆ ಅದು ಸರಿಯಾಗಿ ಇಳಿಯುವುದಿಲ್ಲ. ಕರುವಿನ ಕಾಯಿಲೆಯಲ್ಲಿ ಗೆದ್ದ ಔಷಧ ಇಲ್ಲಿ ರೋಗಾಣುವನ್ನು ಮುಟ್ಟಲೇ ಇಲ್ಲ. ಎರಡು ದಿನ ಹಾಗೆ ಹೋಯಿತು.

ಟೆಟ್ರಾಸೈಕ್ಲಿನ್ ಹಾಲಿಗೆ ಸ್ವಲ್ಪ ಇಳಿಯುತ್ತದೆ, ಆದರೆ ಅದಕ್ಕೆ ಸುಣ್ಣದ ಅಂಶ ಕಂಡರೆ ಅಂಟಿಕೊಳ್ಳುವ ಗುಣ ಇದೆ. ಹಾಲಿನಲ್ಲಿ ಕ್ಯಾಲ್ಸಿಯಂಗೆ ಬರವೇ? ಹಾಗೆ ಅಂಟಿಕೊಂಡಷ್ಟು ಔಷಧದ ಬಲ ಕುಂದುತ್ತದೆ. ಮೇಲಾಗಿ ಒಂದೇ ದಿನ ಹಾಕಿ ಅವನು ಮೂರನೆಯದಕ್ಕೆ ಕೈ ಹಾಕಿದ್ದ.

ಈ ಸ್ಟ್ಯಾಫಿಲೊಕಾಕಸ್ ಬಲು ಕಳ್ಳ. ಪೆನ್ಸಿಲಿನ್ ಅನ್ನು ಕತ್ತರಿಸುವ ಕಿಣ್ವವನ್ನು ಎಷ್ಟೋ ತಳಿಗಳು ತಾವೇ ತಯಾರಿಸುತ್ತವೆ. ಕೆಚ್ಚಲಿನ ಜೀವಕೋಶಗಳ ಒಳಗೆ ನುಗ್ಗಿ ಅಡಗುತ್ತವೆ. ದಿನ ಕಳೆದ ಹಾಗೆ ಸುತ್ತ ಗಂಟು ಕಟ್ಟಿಕೊಳ್ಳುತ್ತದೆ, ಆಮೇಲೆ ಯಾವ ಔಷಧವೂ ಒಳಗೆ ಹೋಗುವುದಿಲ್ಲ. ನಮ್ಮ ಮಾದರಿಯದ್ದೂ ಪೆನ್ಸಿಲಿನ್‌ಗೆ ಬಗ್ಗಲಿಲ್ಲ. ಆ ಕಿಣ್ವಕ್ಕೆ ಸಿಗದಂತೆ ಮಾಡಿರುವ ಕ್ಲೋಕ್ಸಾಸಿಲಿನ್‌ಗೆ ಬಗ್ಗಿತು. ಅದನ್ನು ಮೊಲೆಯ ಮೂಲಕ ಟ್ಯೂಬ್‌ನಲ್ಲಿ ಏರಿಸಿದೆವು. ಮೊದಲ ದಿನವೇ ಅದನ್ನು ಹಾಕಿದ್ದರೆ ಹಸು ನಾಲ್ಕು ಮೊಲೆಯಲ್ಲೂ ಹಾಲು ಕೊಡುತ್ತಿತ್ತು ಅಂತ ಗ್ಯಾರಂಟಿ ಹೇಳಲಾರೆ. ಆದರೆ ಅವಕಾಶ ಇತ್ತು.

ಇನ್ನೊಂದು ಮಾತು. "ಎರಡೂ ಸೇರಿಸಿ ಹಾಕಿದರೆ ಬೇಗ ವಾಸಿ ಆಗಲ್ವಾ ಸಾರ್?" ಅಂತ ಕೇಳುತ್ತೀರಿ. ಪೆನ್ಸಿಲಿನ್ ಕೆಲಸ ಮಾಡುವುದು ಬೆಳೆಯುತ್ತಿರುವ ರೋಗಾಣುವಿನ ಮೇಲೆ. ಟೆಟ್ರಾಸೈಕ್ಲಿನ್ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಗೋಡೆ ಕಟ್ಟುವ ಕೆಲಸವೇ ನಿಂತರೆ ಗಾರೆ ಕೆಡಿಸಿ ಏನು ಪ್ರಯೋಜನ? ಮನುಷ್ಯರ ಮಿದುಳಿನ ಪೊರೆಯ ಸೋಂಕಿನಲ್ಲಿ ಪೆನ್ಸಿಲಿನ್ ಒಂದನ್ನೇ ಪಡೆದವರಿಗಿಂತ ಈ ಎರಡನ್ನೂ ಪಡೆದವರಲ್ಲಿ ಸಾವು ಹೆಚ್ಚಿದ್ದನ್ನು ಅಮೆರಿಕದ ವೈದ್ಯರು 1951ರಲ್ಲೇ ವರದಿ ಮಾಡಿದ್ದರು. ಪೆನ್ಸಿಲಿನ್ ಜೊತೆ ಸ್ಟ್ರೆಪ್ಟೊಮೈಸಿನ್ ಮಾತ್ರ ಒಳ್ಳೆ ಜೋಡಿ, ಒಂದು ಗೋಡೆ ಒಡೆದರೆ ಇನ್ನೊಂದು ಅದೇ ಬಿರುಕಿನಲ್ಲಿ ಒಳಗೆ ಹೋಗುತ್ತದೆ. ಯಾವುದಕ್ಕೆ ಯಾವುದು ಜೊತೆ ಅನ್ನುವುದನ್ನು ವೈದ್ಯರಿಗೆ ಬಿಡಿ.

ಯಾವ ಆ್ಯಂಟಿಬಯಾಟಿಕ್ಕೂ ನಾಟದ ಕಡೆ

ವೈರಸ್‌ಗೆ ಗೋಡೆ ಇಲ್ಲ, ಸ್ವಂತ ಕಾರ್ಖಾನೆಯೂ ಇಲ್ಲ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ, ಮೂರು ದಿನದ ಜ್ವರ, ಕುರಿ ಮೇಕೆಯ ಪಿಪಿಆರ್, ಕೋಳಿಯ ಕೊಕ್ಕರೆ ರೋಗ ಇವೆಲ್ಲ ವೈರಸ್. ಇವುಗಳಲ್ಲಿ ನಾವು ಕೆಲವೊಮ್ಮೆ ಆ್ಯಂಟಿಬಯಾಟಿಕ್ ಕೊಡುವುದು ಹುಣ್ಣಿಗೆ, ಶ್ವಾಸಕೋಶಕ್ಕೆ ಆಮೇಲೆ ಬಂದು ಸೇರುವ ಬ್ಯಾಕ್ಟೀರಿಯಾಕ್ಕೆ. ಮೂಲ ರೋಗಕ್ಕಲ್ಲ.

ಕರು ಹಾಕಿದ ಮರುದಿನ ಹಸು ಮೇಲೆ ಏಳದೆ, ಮೈ ತಣ್ಣಗಾಗಿ, ಕತ್ತು ಹಿಂದಕ್ಕೆ ಮಡಚಿಕೊಂಡು ಮಲಗಿದರೆ ಅದು ಹೆಚ್ಚಾಗಿ ಹಾಲು ಜ್ವರ. ಹೆಸರಲ್ಲಿ ಜ್ವರ ಇದೆ ಅಷ್ಟೆ, ಅದು ಕ್ಯಾಲ್ಸಿಯಂ ಕೊರತೆ. ಅಲ್ಲಿ ಆ್ಯಂಟಿಬಯಾಟಿಕ್ ಹುಡುಕುತ್ತಾ ಕೂತರೆ ಹಸು ಸಾಯುತ್ತದೆ.

ತೋಟದ ಮಾತೂ ಇದೇ. ಸುಳಿ ಕೊಳೆಗೆ, ಅಣಬೆ ರೋಗಕ್ಕೆ, ಕಾಂಡದಲ್ಲಿ ರಸ ಸೋರುವುದಕ್ಕೆ ಸ್ಟ್ರೆಪ್ಟೊಮೈಸಿನ್ ಬೆರೆಸಿದ ಪುಡಿ ತಂದು ಸುರಿದವರನ್ನು ನೋಡಿದ್ದೇನೆ. ಆ ಮೂರೂ ಶಿಲೀಂಧ್ರ ಮತ್ತು ಶಿಲೀಂಧ್ರದ ಥರದ ಜೀವಿಗಳಿಂದ ಬರುವ ರೋಗಗಳು. ಬ್ಯಾಕ್ಟೀರಿಯಾದ ಔಷಧಕ್ಕೆ ಅಲ್ಲಿ ಕೆಲಸವಿಲ್ಲ. ಬೋರ್ಡೊ ದ್ರಾವಣ, ಬೋರ್ಡೊ ಮುಲಾಮು, ಬೇವಿನ ಹಿಂಡಿ, ಟ್ರೈಕೊಡರ್ಮಾ ಇವುಗಳ ದಾರಿ ಬೇರೆ. ತಿಪಟೂರಿನ ಹತ್ತಿರದ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ತೆಂಗಿನ ಬೇರು ಸೊರಗು ರೋಗ ಮಾತ್ರ ವಿಚಿತ್ರ. ಅದಕ್ಕೆ ಕಾರಣ ಫೈಟೋಪ್ಲಾಸ್ಮಾ, ನಮ್ಮ ಉಂಡೆ ಕೊಬ್ಬರಿಯ ಸಂಬಂಧಿ. ಇಂಥ ರೋಗಾಣುಗಳು ಟೆಟ್ರಾಸೈಕ್ಲಿನ್‌ಗೆ ಸ್ವಲ್ಪ ಕಾಲ ತಣ್ಣಗಾಗುತ್ತವೆ, ಪೆನ್ಸಿಲಿನ್‌ಗೆ ಜಗ್ಗುವುದಿಲ್ಲ. ಆದರೆ ಔಷಧ ನಿಂತ ಮೇಲೆ ಲಕ್ಷಣ ವಾಪಸ್. ಅಮೆರಿಕದ ಫ್ಲಾರಿಡಾದಲ್ಲಿ ಇದೇ ಥರದ ಇನ್ನೊಂದು ರೋಗಕ್ಕೆ ಸಾಲುಮರದ ತೆಂಗುಗಳಿಗೆ ನಾಲ್ಕು ತಿಂಗಳಿಗೊಮ್ಮೆ ಕಾಂಡಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಅದು ಅಂದಕ್ಕೆ ಬೆಳೆಸಿದ ಮರ. ಎಳನೀರು, ಕೊಬ್ಬರಿ ತಿನ್ನುವ ಮರಕ್ಕೆ ಅಂಥ ಸಾಹಸ ಬೇಡ.

ಅರ್ಧ ಕೋರ್ಸಿನ ಸಾಲ

ಮೂರು ದಿನ ಬರೆದಿದ್ದರೆ ಎರಡನೇ ದಿನ ಹಸು ಮೇವು ತಿಂದ ತಕ್ಷಣ ನಿಲ್ಲಿಸುವವರು ಬಹಳ. ಮೊದಲು ಸಾಯುವುದು ಸುಲಭಕ್ಕೆ ಸಾಯುವ ರೋಗಾಣು. ಉಳಿಯುವುದು ಗಟ್ಟಿ ರೋಗಾಣು. ಕೋರ್ಸ್ ಅರ್ಧಕ್ಕೆ ನಿಂತರೆ ಹೊಲದಲ್ಲಿ ಎಳೆ ಕಳೆ ಕಿತ್ತು ಬೇರು ಬಿಟ್ಟವರನ್ನು ಹಾಗೇ ಬಿಟ್ಟಂತೆ. ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಮಾಡಿದ ಉಪನ್ಯಾಸದಲ್ಲೇ ಕಮ್ಮಿ ಪ್ರಮಾಣದಲ್ಲಿ ಔಷಧ ಕೊಟ್ಟರೆ ರೋಗಾಣು ಪಳಗುತ್ತದೆ ಅಂತ ಎಚ್ಚರಿಸಿದ್ದರು.

ಪಳಗಿದ ರೋಗಾಣು ಆ ವಿದ್ಯೆಯನ್ನು ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ. ಪಕ್ಕದ ಬೇರೆ ಜಾತಿಯ ರೋಗಾಣುವಿಗೂ ದಾಟಿಸುತ್ತದೆ. ಕೊಟ್ಟ ಟೆಟ್ರಾಸೈಕ್ಲಿನ್‌ನಲ್ಲಿ ದೊಡ್ಡ ಪಾಲು ಗಂಜಲ, ಸಗಣಿಯಲ್ಲಿ ಹಾಗೇ ಹೊರಗೆ ಬರುತ್ತದೆ. ಅಲ್ಲಿಂದ ತಿಪ್ಪೆ, ತಿಪ್ಪೆಯಿಂದ ತೆಂಗಿನ ಬುಡ. ಚಿಕಿತ್ಸೆಯಲ್ಲಿರುವ ಹಸುವಿನ ಸಗಣಿಯನ್ನು ಹಸಿಯಾಗಿ ತರಕಾರಿ ಮಡಿಗೆ ಹಾಕಬೇಡಿ, ಚೆನ್ನಾಗಿ ಕಳಿಯಲು ಬಿಡಿ.

ಹಾಲಿನ ಲೆಕ್ಕ

ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಡೈರಿಗೆ ಹಾಕಬಾರದು, ಮನೆಯಲ್ಲೂ ಕುಡಿಯಬಾರದು. ಕಾಯಿಸಿದರೆ ಔಷಧ ಪೂರ್ತಿ ಹೋಗುವುದಿಲ್ಲ. ಎಷ್ಟು ದಿನ ಅಂತ ಸೀಸೆಯ ಲೇಬಲ್ ಮೇಲೆ ಇರಬೇಕು. ಇಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಅಂತ 2012ರಲ್ಲಿ ಬಂದ ಔಷಧ ನಿಯಮ ಹೇಳುತ್ತದೆ. ಲೆಕ್ಕ ಕೊನೆಯ ಇಂಜೆಕ್ಷನ್ ದಿನದಿಂದ. ಮೊಸರು ಹೆಪ್ಪು ಕಟ್ಟದೆ ನೀರಾಗಿದ್ದರೆ ಅಜ್ಜಿ "ಹೆಪ್ಪು ಕೆಟ್ಟಿತು" ಅನ್ನುತ್ತಾರೆ. ಎಷ್ಟೋ ಸಲ ಕೆಟ್ಟಿರುವುದು ಹೆಪ್ಪಲ್ಲ. ಹಾಲಿನಲ್ಲಿ ಉಳಿದ ಔಷಧ ಹೆಪ್ಪಿನ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಂದಿರುತ್ತದೆ. ಒಂದು ಹಸುವಿನ ಅಂಥ ಹಾಲು ಊರಿನವರೆಲ್ಲರ ಹಾಲಿನ ಜೊತೆ ಕ್ಯಾನಿಗೆ ಸೇರುತ್ತದೆ ಅನ್ನುವುದು ನೆನಪಿರಲಿ.

ಫೋನ್ ಕೈಯಲ್ಲಿದ್ದಾಗ ಮಾಡಬೇಕಾದ್ದು

* ಸೀಸೆಯ ಫೋಟೋಗಿಂತ ಮೊದಲು ಹಸುವಿನ ವಿವರ ಕಳಿಸಿ: ಜ್ವರ ಎಷ್ಟು, ಮೇವು ತಿನ್ನುತ್ತಿದೆಯಾ, ಕರು ಹಾಕಿ ಎಷ್ಟು ದಿನ, ಹಾಲು ಯಾವ ಬಣ್ಣ. ಒಂದು ಥರ್ಮಾಮೀಟರ್ ಮನೆಯಲ್ಲಿರಲಿ.
* ಹದಿನೈದು ದಿನಕ್ಕೊಮ್ಮೆ ಸರ್ಫ್ ಪರೀಕ್ಷೆ ಮಾಡಿ. 100 ಮಿಲಿ ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ. ಒಂದೊಂದು ಮೊಲೆಯ ಹಾಲನ್ನೂ ಬೇರೆ ಬೇರೆ ಬಟ್ಟಲಿಗೆ ಹಿಂಡಿ, ಅಷ್ಟೇ ಪ್ರಮಾಣದ ಸೋಪಿನ ನೀರು ಹಾಕಿ ಅಲ್ಲಾಡಿಸಿ. ಲೋಳೆಯಾದರೆ ಆ ಮೊಲೆಯಲ್ಲಿ ಬಾವು ಶುರುವಾಗಿದೆ.
* ಇಂಜೆಕ್ಷನ್‌ಗೆ ಮೊದಲು ಮಾದರಿ. ಮೊಲೆ ತುದಿ ಸ್ಪಿರಿಟ್‌ನಲ್ಲಿ ಒರೆಸಿ, ಮೊದಲ ಧಾರೆಗಳನ್ನು ಬಿಟ್ಟು, ಆಸ್ಪತ್ರೆಯಿಂದ ತಂದ ಶುದ್ಧ ಟ್ಯೂಬ್‌ಗೆ ಹಿಂಡಿ, ಐಸ್‌ನಲ್ಲಿಟ್ಟು ಪಶು ಆಸ್ಪತ್ರೆಗೆ ಮುಟ್ಟಿಸಿ. ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ, ಯಾವ ಔಷಧದ ಬಿಲ್ಲೆಯ ಸುತ್ತ ಅದು ಬೆಳೆಯುವುದಿಲ್ಲ ಅಂತ ನೋಡುತ್ತಾರೆ. ಎರಡು ಮೂರು ದಿನದಲ್ಲಿ ಉತ್ತರ ಬರುತ್ತದೆ.
* ಹಾಲು ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಅರ್ಧ ಗಂಟೆ ಮಲಗದಂತೆ ಮುಂದೆ ಮೇವು ಹಾಕಿ. ಅಷ್ಟರಲ್ಲಿ ಮೊಲೆಯ ಬಾಯಿ ಮುಚ್ಚಿಕೊಳ್ಳುತ್ತದೆ.
* ಚಪ್ಪೆ ರೋಗ, ಗಳಲೆ ರೋಗ, ಕುರಿಯ ಕರುಳು ಬೇನೆಗೆ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿ. ಕಾಯಿಲೆ ಬಂದ ಮೇಲೆ ಸೀಸೆ ಹುಡುಕುವಷ್ಟು ಸಮಯವನ್ನು ಈ ರೋಗಗಳು ಕೊಡುವುದಿಲ್ಲ.
* ಉಳಿದ ಸೀಸೆ ಗೂಡಿನಲ್ಲಿ ಇಡಬೇಡಿ. ಬಿಸಿಲು, ಧೂಳು, ತೆರೆದ ಬಿರಡೆ, ಎಲ್ಲ ಸೇರಿ ಅದು ಔಷಧವಾಗಿ ಉಳಿದಿರುವುದಿಲ್ಲ. ವೈದ್ಯರ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರುವಂತೆಯೂ ಇಲ್ಲ.
* ತುರ್ತಿಗೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಆ ಹುಡುಗ ಈಗ ಗೂಡು ಖಾಲಿ ಮಾಡಿದ್ದಾನೆ. ಅಲ್ಲಿ ಒಂದು ಥರ್ಮಾಮೀಟರ್, ಸೋಪಿನ ಪುಡಿಯ ಡಬ್ಬಿ, ಯಾವ ಹಸುವಿಗೆ ಯಾವ ದಿನ ಏನು ಕೊಟ್ಟೆ ಅಂತ ಬರೆಯುವ ನೋಟ್‌ಬುಕ್ ಇಟ್ಟಿದ್ದಾನೆ. ಮೊನ್ನೆ ಮತ್ತೆ ಮೆಸೇಜ್ ಬಂತು: "ಸಾರ್, ಇನ್ನೊಂದು ಹಸು ಎಡಗಡೆ ಮುಂದಿನ ಮೊಲೆ ಹಾಲು ಲೋಳೆ ಬಂದೈತೆ. ಜ್ವರ ಇಲ್ಲ. ಏನೂ ಹಾಕಿಲ್ಲ. ಸ್ಯಾಂಪಲ್ ತಗೊಂಡು ಬರ್ತಾ ಇದೀನಿ."

ಈ ಸಲ ಸಮಯಕ್ಕೆ ಸಿಕ್ಕಿದೆ. ನಾನೂ ಈ ಸಲ ಚೀಟಿ ಬರೆಯುವಾಗ ಯಾಕೆ ಅಂತ ಹೇಳಿಯೇ ಕೊಡುತ್ತೇನೆ. ನೀವೂ ನಿಮ್ಮ ವೈದ್ಯರನ್ನು ಕೇಳಿ: "ಸಾರ್, ಇದು ಯಾವ ಗುಂಪಿನದು, ಎಷ್ಟು ದಿನ, ಹಾಲು ಯಾವತ್ತಿಂದ ಹಾಕಬಹುದು?" ಈ ಮೂರು ಪ್ರಶ್ನೆಗೆ ಉತ್ತರ ಸಿಗುವವರೆಗೆ ಸೂಜಿ ಮುಟ್ಟಬೇಡಿ.